ಸಿಲಿಕಾನ್ ಬಿಲ್ಲೆಯೂ ಸರ್ಕಾರದ ಬೊಕ್ಕಸವೂ

ಉಸುಕಿನಲ್ಲಿ ಆಮ್ಲಜನಕದೊಡನೆ ಬೆರೆತಿರುವ ಸಿಲಿಕಾನನ್ನು ಬೇರ್ಪಡಿಸಿ, ಪರಿಶುದ್ಧಗೊಳಿಸಿ, ತೆಳ್ಳನೆಯ ಬಿಲ್ಲೆಗಳಾಗಿ ಕೊಯ್ದು, ಅವುಗಳ ಮೇಲೆ ಬೆಳಕಿನಿಂದ ವಿನ್ಯಾಸವನ್ನು ಮೂಡಿಸಿ, ಕೊರೆದು, ಲೇಪಿಸಿ, ಮತ್ತೆ ಮೂಡಿಸಿ, ಹೀಗೆ ನೂರಾರು ಹಂತಗಳನ್ನು ದಾಟಿಸಿದ ಮೇಲಷ್ಟೆ ಚಿಪ್ ಸಿದ್ಧವಾಗುತ್ತದೆ. ತಿಂಗಳುಗಟ್ಟಲೆ ನಡೆಯತಕ್ಕ ಈ ಕಾರ್ಯದ ನಡುವೆ ಕಣ್ಣಿಗೆ ಕಾಣದ ಧೂಳಿನ ಕಣವೊಂದು ಬಿದ್ದರೂ ಅಲ್ಲಿಯ ಚಿಪ್ ವ್ಯರ್ಥವಾಗಬಹುದು. ಬಿಲ್ಲೆಯೊಂದರಿಂದ ನಿರ್ದುಷ್ಟವಾದ ಚಿಪ್‌ಗಳು ಎಷ್ಟು ದೊರೆಯುವುವೆಂಬುದೇ ಈ ಉದ್ಯಮದ ಜೀವಾಳ. ಹೊಸ ಕಾರ್ಖಾನೆಯಲ್ಲಿ ಆ ಪ್ರಮಾಣವು ಮೊದಮೊದಲು ಅಲ್ಪವಾಗಿದ್ದು, ಎಂಜಿನಿಯರುಗಳು ದೋಷದ ಮೂಲಗಳನ್ನು ಒಂದೊಂದಾಗಿ ಅರಿತಂತೆಲ್ಲ ಏರುತ್ತದೆ. ಅಷ್ಟರೊಳಗೆ ಯಂತ್ರಗಳು ಹಳತಾಗುತ್ತಿರುತ್ತವೆ, ಬಡ್ಡಿ ಬೆಳೆಯುತ್ತಿರುತ್ತದೆ. ಖಾಸಗಿ ಬಂಡವಾಳವು ಹಿಂಜರಿದರೆ ಆಶ್ಚರ್ಯವೇನು?

ಆದುದರಿಂದಲೇ ಭಾರತ ಸರ್ಕಾರವು 2021ರ ಡಿಸೆಂಬರಿನಲ್ಲಿ 76,000 ಕೋಟಿ ರೂಪಾಯಿಗಳ ಯೋಜನೆಯನ್ನು ಅಂಗೀಕರಿಸಿ, ಮರುವರ್ಷ ಅದನ್ನು ತಿದ್ದಿ, ಕಾರ್ಖಾನೆಯ ಯೋಜನಾವೆಚ್ಚದ ಅರ್ಧವನ್ನು ತಾನೇ ವಹಿಸಲೊಪ್ಪಿತು. ಟಾಟಾ ಸಂಸ್ಥೆಯು ತೈವಾನಿನ ಪವರ್‌ಚಿಪ್‌ನೊಡನೆ ಗುಜರಾತಿನ ಧೋಲೇರಾದಲ್ಲಿ ಕಟ್ಟಹೊರಟ, ತಿಂಗಳಿಗೆ 50,000 ಬಿಲ್ಲೆಗಳ ಸಾಮರ್ಥ್ಯವುಳ್ಳ, 91,000 ಕೋಟಿಯ ಕಾರ್ಖಾನೆಗೆ 2024ರಲ್ಲಿ ಸಮ್ಮತಿ ದೊರೆಯಿತು. (ಸಾಣಂದದ ಮೈಕ್ರಾನ್ ಘಟಕದಲ್ಲಿ ನಡೆಯುವುದು ಜೋಡಣೆ ಮತ್ತು ಪರೀಕ್ಷೆ ಮಾತ್ರ; ವೃತ್ತಪತ್ರಿಕೆಗಳು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದ ಈ ಭೇದವನ್ನು ಸೂಚಿಸಬೇಕಾಯಿತು.) ತೆರಿಗೆಯ ಹಣವನ್ನು ಧನಿಕರಿಗೇಕೆ ಕೊಡಬೇಕೆಂಬ ಆಕ್ಷೇಪಣೆಯು ನ್ಯಾಯವಾದದ್ದೇ, ಆದರೂ ಇಂದು ಜಗತ್ತಿಗೇ ಚಿಪ್ ಒದಗಿಸುವ ತೈವಾನಿನ ಟಿಎಸ್‌ಎಂಸಿಯು 1987ರಲ್ಲಿ ಜನ್ಮತಾಳಿದಾಗ ಅದರ ಬಂಡವಾಳದ ಅರ್ಧದಷ್ಟನ್ನು ಹೂಡಿದುದು ಅಲ್ಲಿನ ಸರ್ಕಾರ.

ನಮ್ಮಲ್ಲಿಯೂ ಪ್ರಯತ್ನ ನಡೆಯದಿರಲಿಲ್ಲ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1960ರ ದಶಕದಲ್ಲಿಯೇ ಜರ್ಮೇನಿಯಂ ಅರೆವಾಹಕಗಳನ್ನು ತಯಾರಿಸಿತ್ತು. ಮೊಹಾಲಿಯ ಸರ್ಕಾರಿ ಕಾರ್ಖಾನೆಯು 1984ರಲ್ಲಿ ಉತ್ಪಾದನೆಯನ್ನಾರಂಭಿಸಿ, ಐದು ಮೈಕ್ರಾನಿನಿಂದ ಸೂಕ್ಷ್ಮತರ ವಿನ್ಯಾಸಗಳತ್ತ ಸಾಗುತ್ತಿದ್ದಾಗ, 1989ರಲ್ಲಿ ಬೆಂಕಿಗೆ ಆಹುತಿಯಾಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಆದರೆ ನನ್ನ ಎಣಿಕೆಯಲ್ಲಿ ಬೆಂಕಿಗಿಂತ ಹೆಚ್ಚು ಹಾನಿ ಮಾಡಿದುದು ಅನಂತರದ ವಿಳಂಬ. ಎರಡು ಮೂರು ವರ್ಷಗಳಿಗೊಂದು ತಲೆಮಾರು ಕಳೆಯುವ ಈ ಉದ್ಯಮದಲ್ಲಿ ಪುನರ್ನಿರ್ಮಾಣಕ್ಕೆ ತಗುಲಿದ ವರ್ಷಗಳು ಮತ್ತೆ ಕೈಗೆ ಸಿಗಲಿಲ್ಲ. 2006ರಲ್ಲಿ ಬಾಹ್ಯಾಕಾಶ ಇಲಾಖೆಗೆ ಸೇರಿದ ಆ ಸಂಸ್ಥೆಯು ಈಗ 180 ನ್ಯಾನೊಮೀಟರ್ ವಿಧಾನದಲ್ಲಿ ಇಸ್ರೋದ ರಾಕೆಟ್‌ಗಳಿಗೆ ಬೇಕಾದ ‘ವಿಕ್ರಮ್’ ಸಂಸ್ಕಾರಕವನ್ನು ತಯಾರಿಸಿಕೊಡುತ್ತಿದೆ.

ಧೋಲೇರಾಕ್ಕೆ ಕೊಡುವ ಧನವು ಸ್ಥಾಪನೆಯ ಭಾರವನ್ನು ಇಳಿಸುವುದು ನಿಜ. ಬಾಗಿಲು ತೆರೆದ ಮೇಲೆ ಕಲಿಕೆಯ ದಿನಗಳಲ್ಲಿ ವ್ಯರ್ಥವಾಗುವ ಬಿಲ್ಲೆಗಳ ನಷ್ಟವನ್ನು ಹೊರತಕ್ಕವರು ಯಾರೆಂಬುದನ್ನು ಈಗಲೇ ನಿಶ್ಚಯಿಸಿಕೊಳ್ಳಬೇಕೆಂದು ನನ್ನ ಅಭಿಪ್ರಾಯ.