ಮುಖವಾಡ ತೊಟ್ಟ ಜಾಲತಾಣಗಳು: ಹೆಸರಿನ ಹಿಂದೆ ಇರುವವರು ಯಾರು?

ಘಟ್ಟದ ಮೇಲಿನ ಶಿವಮೊಗ್ಗದ ನೆಹರು ರಸ್ತೆಯಲ್ಲಿ ಚಿಕ್ಕದೊಂದು ಅಂಗಡಿ ತೆರೆಯಬೇಕಾದರೂ ಬಾಡಿಗೆ ಕರಾರು ಬೇಕು, ಮಹಾನಗರ ಪಾಲಿಕೆಯ ಪರವಾನಗಿ ಬೇಕು. ಆದರೆ ಅದೇ ಅಂಗಡಿಯ ಹೆಸರಿನಲ್ಲಿ ಅಂತರ್ಜಾಲದ ವಿಳಾಸವೊಂದನ್ನು, ಅಂದರೆ ಡೊಮೇನ್ ಹೆಸರನ್ನು ಕೊಳ್ಳಲು ಒಂದು ಇ-ಮೇಲ್ ಮತ್ತು ಸುಮಾರು ಸಾವಿರ ರೂಪಾಯಿ ಇದ್ದರೆ ಸಾಕು. ಈ ಸುಲಭ ದಾರಿಯಲ್ಲೇ ಮೋಸಗಾರರೂ ಬರುತ್ತಾರೆ.

ಡಾಟ್ ಕಾಮ್‌ನಂತಹ ಹೆಸರುಗಳ ನಿಯಮಗಳನ್ನು ನೋಡಿಕೊಳ್ಳುವುದು ಐಕಾನ್ ಎಂಬ ಸಂಸ್ಥೆ. ಕೊಳ್ಳುವವರು ಹೆಸರು, ವಿಳಾಸ, ದೂರವಾಣಿ ಸಂಖ್ಯೆ ನೀಡಲೇಬೇಕು. ಆದರೆ ಮಾರುವ ಕಂಪನಿ 15 ದಿನಗಳೊಳಗೆ ಇ-ಮೇಲ್ ಅಥವಾ ದೂರವಾಣಿ ಕೆಲಸ ಮಾಡುತ್ತದೆಯೇ ಎಂದು ಖಚಿತಪಡಿಸಿಕೊಂಡರೆ ಸಾಕು. ಮನೆ ವಿಳಾಸ ನಿಜವೇ ಎಂದು ಯಾರೂ ಬಾಗಿಲು ತಟ್ಟಿ ನೋಡುವುದಿಲ್ಲ. ಹಿಂದೆ 'ಹೂಈಸ್' ಎಂಬ ದಾಖಲೆಯಲ್ಲಿ ಮಾಲೀಕರ ವಿವರ ಎಲ್ಲರಿಗೂ ಕಾಣುತ್ತಿತ್ತು. ಹಣ ಕೊಟ್ಟು ಅದನ್ನು ಮರೆಮಾಡುವ ಸೇವೆಗಳು ಬಂದವು. 2018ರ ಮೇ ತಿಂಗಳಲ್ಲಿ ಯುರೋಪಿನ ಖಾಸಗಿತನದ ಕಾನೂನು ಜಾರಿಗೆ ಬಂದ ಮೇಲೆ ಹೆಚ್ಚಿನ ಕಂಪನಿಗಳು ಕೇಳದೆಯೇ ವಿವರ ಮುಚ್ಚಿಡತೊಡಗಿದವು.

ಮರೆಮಾಡುವುದೇ ತಪ್ಪೆಂದು ನಾವು ಹೇಳುವುದಿಲ್ಲ. ಮನೆಯಿಂದಲೇ ಹೊಲಿಗೆ, ಉಪ್ಪಿನಕಾಯಿ ವ್ಯಾಪಾರ ಮಾಡುವ ಹೆಣ್ಣುಮಗಳೊಬ್ಬಳ ಮನೆ ವಿಳಾಸ, ಮೊಬೈಲ್ ಸಂಖ್ಯೆ ಲೋಕಕ್ಕೆಲ್ಲ ಕಾಣಬೇಕಾಗಿಲ್ಲ. ಕಷ್ಟವೇನೆಂದರೆ ಅದೇ ಪರದೆ ಕಳ್ಳನಿಗೂ ಸಿಗುತ್ತದೆ.

ನಮ್ಮ ರಾಜ್ಯದಲ್ಲೇ ಇದರ ಬಿಸಿ ತಟ್ಟಿದೆ. ಕಲಬುರಗಿ ಜಿಲ್ಲೆಯ ದೇವಲ ಗಾಣಗಾಪುರದ ದತ್ತಾತ್ರೇಯ ದೇವಸ್ಥಾನದ ಹೆಸರಿನಲ್ಲಿ ನಕಲಿ ಜಾಲತಾಣಗಳನ್ನು ನಡೆಸಿ ಭಕ್ತರ ಕಾಣಿಕೆಯನ್ನು ಬೇರೆ ಖಾತೆಗಳಿಗೆ ಹರಿಸಿದ ಆರೋಪ 2022ರಲ್ಲಿ ಹೊರಬಂತು. ಆರೋಪ ಬಂದದ್ದು ಅಲ್ಲಿನ ಕೆಲವು ಅರ್ಚಕರ ಮೇಲೆಯೇ. ದೂರದ ಊರಿನಿಂದ ಹಣ ಕಳುಹಿಸುವ ಭಕ್ತರಿಗೆ ಆ ಹೆಸರಿನ ಹಿಂದೆ ಯಾರಿದ್ದಾರೆಂದು ತಿಳಿಯುವುದಾದರೂ ಹೇಗೆ? ಪುಣ್ಯಕ್ಷೇತ್ರಗಳಿಗೆ ಅಂತರ್ಜಾಲದ ಮೂಲಕ ಪೂಜಾರ್ಪಣೆಯ ಕಾಣಿಕೆ ಕಳುಹಿಸುವ ನಮ್ಮ ಕುಟುಂಬಗಳಿಗೂ ಇದು ದೂರದ ಮಾತಲ್ಲ.

ಭದ್ರಾವತಿಯಲ್ಲಿ ಅಪಾಯ ಇನ್ನೊಂದು ಬಗೆಯದು. ಮೈಸೂರು ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಅಲ್ಲಿಯೂ ಮೊದಲಿನಷ್ಟು ಕೆಲಸವಿಲ್ಲ. ಓದು ಮುಗಿಸಿ ಕೆಲಸ ಹುಡುಕುವ ಹುಡುಗರಿಗೆ 'ನೇಮಕಾತಿ ಶುಲ್ಕ' ಕೇಳುವ ನಕಲಿ ತಾಣ ನಿಜದ್ದೆಂದೇ ತೋರುತ್ತದೆ. ಸ್ವಾರಸ್ಯವೆಂದರೆ ಪ್ರಾಧಿಕಾರದ ನಿಜವಾದ ನೇಮಕಾತಿ ತಾಣವೂ 'ಸೈಲ್‌ಕೆರಿಯರ್ಸ್ ಡಾಟ್ ಕಾಮ್' ಎಂಬುದೇ! ಅದರ ಪಕ್ಕದಲ್ಲಿ ಒಂದು ಅಕ್ಷರ ಹೆಚ್ಚು ಕಡಿಮೆ ಮಾಡಿದರೆ ಗುರುತಿಸುವವರು ಯಾರು?

ಹೀಗಾಗಿ ವಿಳಾಸವನ್ನು ಬಲಗಡೆಯಿಂದ ಓದುವುದನ್ನು ಕಲಿಯಬೇಕು. ಮೊದಲ ಒಂಟಿ ಓರೆಗೆರೆಗೆ ಮುಂಚೆ, ಸಾಮಾನ್ಯವಾಗಿ ಕೊನೆಯ ಚುಕ್ಕೆಯ ಆಚೀಚೆ ಇರುವುದೇ ನಿಜವಾದ ಹೆಸರು. ಬ್ಯಾಂಕಿನ ಹೆಸರು ಎಡಗಡೆ ಇದ್ದು ಕೊನೆಯಲ್ಲಿ 'ಕೆವೈಸಿ-ಅಪ್‌ಡೇಟ್ ಡಾಟ್ ಟಾಪ್' ಎಂದಿದ್ದರೆ ಅದು ಬ್ಯಾಂಕಿನದ್ದಲ್ಲ. ರಿಸರ್ವ್ ಬ್ಯಾಂಕ್ 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ 'ಡಾಟ್ ಬ್ಯಾಂಕ್ ಡಾಟ್ ಇನ್' ವಿಳಾಸಕ್ಕೆ ಬರಬೇಕೆಂದು ಆದೇಶಿಸಿತ್ತು. ಈ ಹೆಸರು ಬ್ಯಾಂಕುಗಳಿಗಲ್ಲದೆ ಬೇರೆಯವರಿಗೆ ಸಿಗುವುದಿಲ್ಲ. ನಮ್ಮ ದೇಶದ ಡಾಟ್ ಇನ್ ನಿಯಮದಲ್ಲಿ ಮಾಲೀಕರನ್ನು ಮರೆಮಾಡುವ ಸೇವೆಗೆ ಅವಕಾಶವೂ ಇಲ್ಲ.

ಇನ್ನೊಂದು ಉಪಾಯವಿದೆ. ಮಾಲೀಕನ ಹೆಸರು ಮುಚ್ಚಿದ್ದರೂ ಡೊಮೇನ್ ನೋಂದಣಿಯಾದ ದಿನಾಂಕ ಕಾಣುತ್ತದೆ. ಐಕಾನ್‌ನ ಲುಕಪ್ ಪುಟದಲ್ಲಿ ಹೆಸರು ಹಾಕಿ ನೋಡಿ. 'ನಲವತ್ತು ವರ್ಷದ ಸಂಸ್ಥೆ'ಯ ತಾಣ ಹನ್ನೊಂದು ದಿನದ ಹಿಂದೆ ಹುಟ್ಟಿದ್ದರೆ ಹಣ ಕಟ್ಟಬೇಡಿ. ಅದೇ ಪುಟದಲ್ಲಿ ಹೆಸರು ಮಾರಿದ ಕಂಪನಿಗೆ ದೂರು ಕೊಡುವ ಇ-ಮೇಲ್ ಕೂಡ ಇರುತ್ತದೆ. ಸಾಕ್ಷ್ಯವಿರುವ ದೂರು ಬಂದರೆ ಕ್ರಮ ಕೈಗೊಳ್ಳುವುದು 2024ರ ಏಪ್ರಿಲ್‌ನಿಂದ ಆ ಕಂಪನಿಗಳಿಗೆ ಕಡ್ಡಾಯವಾಗಿದೆ.

ಹಣ ಹೋಗಿದ್ದರೆ ನಾಚಿಕೆಪಟ್ಟು ಸುಮ್ಮನಿರದೆ ತಕ್ಷಣ 1930ಕ್ಕೆ ಕರೆ ಮಾಡಿ. ಶಿವಮೊಗ್ಗದಲ್ಲಿ ಸಿಇಎನ್ ಪೊಲೀಸ್ ಠಾಣೆಯಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಂತೆ ಬೇರೆಯವರ ಸೋಗು ಹಾಕಿ ವಂಚಿಸಿದವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷದವರೆಗೆ ದಂಡವಿದೆ.

ಕೊನೆಯದಾಗಿ ಧರ್ಮಕೇಂದ್ರಗಳ ಪಾಲನಾ ಮಂಡಳಿಗಳಿಗೆ ಒಂದು ಮಾತು. ಜುಬಿಲಿ ವರ್ಷದಲ್ಲಿ ಉತ್ಸಾಹದಿಂದ ತೆರೆದ ಜಾಲತಾಣದ ನವೀಕರಣ ಮರೆತರೆ ಆ ಹೆಸರನ್ನು ಯಾರು ಬೇಕಾದರೂ ಕೊಳ್ಳಬಹುದು. ಹೆಸರು ನಮ್ಮ ಸಂತರದ್ದು, ಒಳಗೆ ಜೂಜಿನ ಜಾಹೀರಾತು! ಹೆಸರು ಯಾರ ಇ-ಮೇಲ್‌ನಲ್ಲಿ ನೋಂದಣಿಯಾಗಿದೆ, ಅವಧಿ ಯಾವಾಗ ಮುಗಿಯುತ್ತದೆ ಎಂಬುದನ್ನು ಮುಂದಿನ ಸಭೆಯಲ್ಲೇ ನೋಡಿಕೊಳ್ಳಿ.