ನೆಲವಾಸಿ ಜೇಡಗಳ ಕುಲ ಮತ್ತು ನೆಲೆ

'ಜೇಡ' ಎಂಬ ಶಬ್ದಕ್ಕೆ ನೇಕಾರನೆಂಬ ಅರ್ಥವೂ ಇರುವುದು ಜೇಡರ ದಾಸಿಮಯ್ಯನವರ ಹೆಸರನ್ನು ಬಲ್ಲ ನಮ್ಮ ವಾಚಕರಿಗೆ ಹೊಸತಲ್ಲ. ಆದರೆ ಬೇಟೆಗೆಂದು ಬಲೆಯನ್ನು ನೇಯದೆ, ನೆಲದ ಮೇಲೆಯೂ ನೆಲದೊಳಗೂ ಬಾಳುವ ಜೇಡಗಳು ಬಹಳವಿವೆ. ಅವುಗಳಲ್ಲಿಯೂ ನೂಲುಂಟು. ಬಿಲದ ಒಳಗೋಡೆಗೆ ಹೊದಿಸಲು, ತತ್ತಿಗಳನ್ನು ಸುತ್ತಿಡಲು ಅದು ಒದಗುತ್ತದೆ.

ಇವುಗಳನ್ನು ವಿಂಗಡಿಸುವಾಗ ಶಾಸ್ತ್ರಜ್ಞರು ಬಣ್ಣವನ್ನಾಗಲಿ ಗಾತ್ರವನ್ನಾಗಲಿ ಹೆಚ್ಚು ನಂಬುವುದಿಲ್ಲ. ವಿಷದ ಹಲ್ಲು, ಕಣ್ಣುಗಳ ಜೋಡಣೆ, ನೂಲು ಹೊರಡುವ ಅಂಗ, ಜನನಾಂಗ ಇವುಗಳನ್ನು ಪರೀಕ್ಷಿಸುತ್ತಾರೆ. ಎರಡು ಹಲ್ಲುಗಳೂ ಸಮಾನಾಂತರವಾಗಿ ಕೆಳಕ್ಕೆ ಇರಿಯುವಂತಿದ್ದರೆ ಅದು ಪುರಾತನ ಲಕ್ಷಣಗಳನ್ನು ಉಳಿಸಿಕೊಂಡ ಗುಂಪು. ಮೈತುಂಬ ರೋಮವಿರುವ ದೊಡ್ಡ ಬಿಲಜೇಡಗಳೂ, ಬಿಲಕ್ಕೆ ಮಣ್ಣು ನೂಲುಗಳ ಮುಚ್ಚಳವನ್ನು ಅಳವಡಿಸುವ ಜೇಡಗಳೂ ಇದಕ್ಕೆ ಸೇರುತ್ತವೆ. ಹಲ್ಲುಗಳು ಇಕ್ಕಳದಂತೆ ಎದುರುಬದುರಾಗಿ ಕೂಡಿದರೆ ಅದು ಇನ್ನೊಂದು ಗುಂಪು. ಕಲ್ಲಿನಡಿಯಲ್ಲಿ ಹಗಲನ್ನು ಕಳೆದು ಇರುಳಿನಲ್ಲಿ ಬೇಟೆಗೆ ಹೊರಡುವ ನಾಫೋಸಿಡೀ ಕುಟುಂಬ ಹಾಗೂ ತೋಳಜೇಡಗಳು ಇದರವು. ಭಾರತದ ತೋಳಜೇಡಗಳನ್ನು ಟಿಕಾದಾರ್ ಮತ್ತು ಮಲ್ಹೋತ್ರಾ ಅವರು 1980ರಲ್ಲಿಯೂ, ನಾಫೋಸಿಡೀಗಳನ್ನು ಟಿಕಾದಾರ್ ಅವರು 1982ರಲ್ಲಿಯೂ ಗ್ರಂಥಸ್ಥಗೊಳಿಸಿದರು.

ತೋಳಜೇಡವನ್ನು ಗುರುತಿಸುವುದು ಸುಲಭ. ಎಂಟು ಕಣ್ಣುಗಳು ನಾಲ್ಕು, ಎರಡು, ಎರಡರಂತೆ ಮೂರು ಸಾಲಿನಲ್ಲಿರುತ್ತವೆ. ತಾಯಿಯು ತತ್ತಿಯ ಚೀಲವನ್ನು ಹಿಂಬದಿಗೆ ಅಂಟಿಸಿಕೊಂಡು ತಿರುಗುತ್ತದೆ. ಮರಿಗಳು ಹೊರಬಂದ ಮೇಲೆ ಅವುಗಳನ್ನು ಬೆನ್ನ ಮೇಲೆ ಹೊರುತ್ತದೆ. ಮುಂದೆ ಆ ಮರಿಗಳು ನೂಲಿನೆಳೆಯನ್ನು ಗಾಳಿಗೆ ಬಿಟ್ಟು ತೇಲಿಹೋಗಬಲ್ಲವು. ಭತ್ತದ ಗದ್ದೆಯಲ್ಲಿ ಕಂದು ಜಿಗಿಹುಳುವನ್ನು ತಿನ್ನುವ ಪಾರ್ಡೋಸಾ ಸೂಡೋಆನ್ಯುಲೇಟಾ ಎಂಬುದು ಪಾಕಿಸ್ತಾನದಿಂದ ಜಪಾನಿನವರೆಗೆ ಹರಡಿದೆ. ಕೀಟನಾಶಕವನ್ನು ಸಿಂಪಡಿಸುವ ರೈತಬಂಧುಗಳು ಈ ಕೂಲಿಯಿಲ್ಲದ ಕಾವಲುಗಾರನನ್ನೂ ಕೊಲ್ಲುತ್ತಿರುವರೆಂಬುದು ನಮಗೆ ಖೇದದ ಸಂಗತಿ.

ಬಿಲಜೇಡದ ರೀತಿಯೇ ಬೇರೆ. ಅದರ ಮರಿಗಳು ಸಾಮಾನ್ಯವಾಗಿ ನಡೆದೇ ಹೋಗಿ ತಾಯಿಯ ಬಿಲದ ಆಸುಪಾಸಿನಲ್ಲಿ ನೆಲೆಸುತ್ತವೆ. ಆದುದರಿಂದ ಅನೇಕ ಜಾತಿಗಳ ಸೀಮೆ ಬಲು ಕಿರಿದು. ಪೋಕಾಕ್ ಎಂಬ ಪ್ರಾಣಿಶಾಸ್ತ್ರಜ್ಞರು 1899ರಲ್ಲಿ ಹೆಸರಿಟ್ಟ ತ್ರಿಗ್ಮೋಪಿಯಸ್ ಎಂಬ ಕುಲವು ನಮ್ಮ ಪಶ್ಚಿಮಘಟ್ಟವನ್ನು ಬಿಟ್ಟು ಜಗತ್ತಿನ ಬೇರೆಲ್ಲಿಯೂ ಕಂಡುಬಂದಿಲ್ಲ. ರಸ್ತೆಗೆಂದೋ ತೋಟಕ್ಕೆಂದೋ ಒಂದು ದರೆಯನ್ನು ಕಡಿದರೆ ಅಲ್ಲಿದ್ದ ಬಿಲಗಳೆಲ್ಲ ಒಮ್ಮೆಗೇ ಹೋಗುತ್ತವೆ. ಅವುಗಳ ಸ್ಥಾನವನ್ನು ತುಂಬಲು ದೂರದಿಂದ ಗಾಳಿಯಲ್ಲಿ ತೇಲಿಬರುವವರಿಲ್ಲ. ಹೆಣ್ಣು ಬಹುವರ್ಷ ಬದುಕುತ್ತದೆ, ಬಿಲವನ್ನು ಬಿಟ್ಟು ಹೋಗುವುದು ಅಪರೂಪ. ಪ್ರಾಯಕ್ಕೆ ಬಂದ ಗಂಡು ಮಾತ್ರ ಹೆಣ್ಣನ್ನರಸಿ ರಾತ್ರಿ ಅಲೆಯುತ್ತದೆ. ಮನೆಯ ಹೊಸ್ತಿಲಲ್ಲಿ ಕಣ್ಣಿಗೆ ಬಿದ್ದು ಪೊರಕೆಯ ಏಟು ತಿನ್ನುವುದು ಬಹುಮಟ್ಟಿಗೆ ಅದೇ.