ಮೇಣದ ಮುಚ್ಚಳ ಬೀಳುವವರೆಗೆ

ಆಷಾಢದ ಒಂದು ರಾತ್ರಿ ನಮ್ಮ ಅಡುಗೆಮನೆಯ ಕಪಾಟಿನೊಳಗೆ ‘ಟಪ್’ ಎಂದಿತು. ಏಪ್ರಿಲ್‌ನಲ್ಲಿ ಮಲೆನಾಡಿನಿಂದ ತಂದಿದ್ದ ಜೇನುತುಪ್ಪದ ಬಾಟಲಿಯ ಮುಚ್ಚಳ ಹಾರಿ, ಬಾಯಿಂದ ನೊರೆ ಇಳಿಯುತ್ತಿತ್ತು. ಹತ್ತಿರ ಹೋದರೆ ಹೆಂಡದ ವಾಸನೆ. ಸಕ್ಕರೆ ಪಾಕ ಬೆರೆಸಿ ಕೊಟ್ಟಿದ್ದಾರೆ ಎಂದು ಮನೆಯವರೆಲ್ಲ ತೀರ್ಪು ಹೇಳಿಬಿಟ್ಟರು. ಕೊಟ್ಟವರ ಪಾಲಿಗೆ ಅದು ಅನ್ಯಾಯ. ಪಾಕ ಬೆರೆಸದ ತುಪ್ಪವೂ ಹೀಗೆ ಹುಳಿಯುತ್ತದೆ, ಬಲಿಯದೆ ಇದ್ದರೆ.

ಜೇನು ಬಲಿಯುವುದೆಂದರೆ ನೀರು ಇಳಿಯುವುದು. ಹೂವಿನ ಮಕರಂದದಲ್ಲಿ ಮುಕ್ಕಾಲು ಪಾಲಿನವರೆಗೂ ನೀರಿರಬಹುದು. ಗೂಡಿನೊಳಗಿನ ನೊಣ ಅದನ್ನು ನಾಲಿಗೆಯ ಮೇಲೆ ತೆಳುವಾಗಿ ಹರಡಿ, ಹಿಂದಕ್ಕೆಳೆದು, ಮತ್ತೆ ಹರಡುತ್ತ ಹದಿನೈದಿಪ್ಪತ್ತು ನಿಮಿಷ ಗಾಳಿಗೊಡ್ಡುತ್ತದೆ. ಆಮೇಲೆ ನೊಣಗಳು ಅದನ್ನು ಎರಿಯ ಕಣ್ಣುಗಳಿಗೆ ಹಾಕಿ ರೆಕ್ಕೆ ಬೀಸುತ್ತವೆ. ಹೂವು ತುಂಬಿದ ಕಾಲದಲ್ಲಿ ರಾತ್ರಿ ಪೆಟ್ಟಿಗೆಗೆ ಕಿವಿಯಿಟ್ಟರೆ ಕೇಳುವ ಗುಂಯ್ ಸದ್ದು ಈ ಬೀಸಣಿಗೆಯದೇ. ಸಾಕಷ್ಟು ಗಟ್ಟಿಯಾಯಿತು ಅನ್ನಿಸಿದಾಗ ಕಣ್ಣಿನ ಮೇಲೆ ಮೇಣದ ಮುಚ್ಚಳ ಎಳೆಯುತ್ತವೆ.

ಜೇನು ಸಾಕುವವರು ಕಾಯುವುದು ಈ ಮುಚ್ಚಳಕ್ಕೆ. ಎರಿಯ ಮುಕ್ಕಾಲು ಭಾಗವಾದರೂ ಮುಚ್ಚಿರಬೇಕು. ಅನುಮಾನವಿದ್ದರೆ ಎರಿಯ ಚೌಕಟ್ಟನ್ನು ಅಡ್ಡಲಾಗಿ ಹಿಡಿದು ಒಮ್ಮೆ ಜಾಡಿಸುತ್ತಾರೆ. ತೆರೆದ ಕಣ್ಣುಗಳಿಂದ ಹನಿ ಉದುರಿದರೆ ಎರಿ ವಾಪಸ್ ಪೆಟ್ಟಿಗೆಗೆ. ಹೀಗೆ ಒಂದೊಂದೇ ಎರಿ ಎತ್ತಿ ನೋಡಲು ದಾರಿ ಮಾಡಿಕೊಟ್ಟದ್ದು ಚೌಕಟ್ಟಿನ ಪೆಟ್ಟಿಗೆ. ನಮ್ಮ ತುಡುವೆ ಜೇನಿಗೆ ಹೊಂದುವ ಪೆಟ್ಟಿಗೆಯನ್ನು 1911ರ ಸುಮಾರಿಗೆ ರೂಪಿಸಿದವರು ತಿರುಚಿರಾಪಳ್ಳಿಯ ಪಾದ್ರಿ ನ್ಯೂಟನ್. ಇಂದಿಗೂ ಅದು ಅವರ ಹೆಸರಿನಲ್ಲೇ ಇದೆ. ಗೂಡು ಕಿತ್ತು ಹಿಂಡುವಲ್ಲಿ ಬಲಿತದ್ದು, ಬಲಿಯದ್ದು, ಮರಿ, ಪರಾಗ ಎಲ್ಲ ಒಂದೇ ಪಾತ್ರೆಗೆ ಬೀಳುತ್ತದೆ.

ಆದರೆ ಮಲೆನಾಡಿನಲ್ಲಿ ಮುಚ್ಚಳವನ್ನೂ ಪೂರ್ತಿ ನಂಬುವಂತಿಲ್ಲ. ಹವೆಯಲ್ಲೇ ತೇವ ತುಂಬಿರುವಾಗ ನೊಣಗಳು ಎಷ್ಟೆಂದು ಬೀಸಿಯಾವು? ಮುಚ್ಚಿದ ಎರಿಯ ತುಡುವೆ ತುಪ್ಪದಲ್ಲೂ ನೀರು ಶೇ 20 ದಾಟಿರುವುದುಂಟು. ಹಿಂದೆ ನಮ್ಮ ಆಹಾರ ನಿಯಮ ಶೇ 25ರವರೆಗೆ ಒಪ್ಪುತ್ತಿತ್ತು; 2018ರಲ್ಲಿ ಬಂದ ಮಾನದಂಡ ಶೇ 20ಕ್ಕೆ ಗೆರೆ ಎಳೆಯಿತು. ಗೆರೆಗೆ ಕಾರಣವಿಲ್ಲದಿಲ್ಲ. ಸಕ್ಕರೆಯ ಸಾಂದ್ರತೆಯನ್ನು ತಾಳಿಕೊಳ್ಳುವ ಯೀಸ್ಟ್ ಎಲ್ಲ ತುಪ್ಪದಲ್ಲೂ ಇರುತ್ತದೆ. ನೀರು ಶೇ 17ಕ್ಕಿಂತ ಕಡಿಮೆಯಿದ್ದರೆ ಅದು ಮಲಗಿಯೇ ಇರುತ್ತದೆ, 20 ದಾಟಿದರೆ ಎದ್ದು ಕೂರುತ್ತದೆ. ತುಪ್ಪ ಹರಳುಗಟ್ಟಿದಾಗ ಇನ್ನೊಂದು ಪೇಚು: ಗ್ಲೂಕೋಸ್ ಹರಳಾಗಿ ತಳ ಸೇರುತ್ತದೆ, ಮೇಲುಳಿದ ದ್ರವದಲ್ಲಿ ನೀರಿನ ಪಾಲು ಹೆಚ್ಚುತ್ತದೆ, ಹುಳಿಯುವುದು ಅಲ್ಲಿಂದಲೇ ಶುರು.

ನೀರು ಅಳೆಯಲು ರಿಫ್ರ್ಯಾಕ್ಟೋಮೀಟರ್ ಇದೆ. ಅಂಗೈಯಷ್ಟುದ್ದದ ಕೊಳವೆ, ಗಾಜಿನ ಮೇಲೆ ಒಂದು ಹನಿ ಹಾಕಿ ಬೆಳಕಿಗೆ ಹಿಡಿದರೆ ನೀಲಿ–ಬಿಳಿ ಕೂಡುವ ಗೆರೆ ಅಂಕಿ ತೋರಿಸುತ್ತದೆ. ಮನೆಯಲ್ಲಾದರೆ ತಕ್ಕಡಿ ಸಾಕು: ಬಲಿತ ತುಪ್ಪ ಲೀಟರಿಗೆ 1.4 ಕೆ.ಜಿ.ಗಿಂತ ತುಸು ಮೇಲೇ ತೂಗುತ್ತದೆ. ನೀರಿಗೆ ಹನಿ ಬಿಟ್ಟು, ಬತ್ತಿಗೆ ಹಚ್ಚಿ ಉರಿಸಿ ಮಾಡುವ ‘ಪರೀಕ್ಷೆ’ಗಳನ್ನು ನಾನಂತೂ ನಂಬುವುದಿಲ್ಲ.

ತೆಗೆದ ಮೇಲೂ ಎಚ್ಚರ ತಪ್ಪುವಂತಿಲ್ಲ. ಹವೆಯ ತೇವ ಶೇ 60ರ ಆಸುಪಾಸಿನಲ್ಲಿದ್ದರೆ ಶೇ 18 ನೀರಿನ ತುಪ್ಪ ಹಾಗೇ ಉಳಿಯುತ್ತದೆ. ಮಳೆಗಾಲದಲ್ಲಿ ತೆರೆದಿಟ್ಟರೆ ಗಾಳಿಯಿಂದಲೇ ನೀರು ಕುಡಿಯುತ್ತದೆ. ಕೆಲವರು ಒಲೆಯ ಮೇಲಿಟ್ಟು ನೀರು ಇಳಿಸುತ್ತಾರೆ. ನೀರಿನ ಜೊತೆ ಪರಿಮಳವೂ ಹೋಗುತ್ತದೆ. ಅದಕ್ಕಿಂತ, ತೇವ ಹೀರುವ ಯಂತ್ರವಿರುವ ಮುಚ್ಚಿದ ಕೋಣೆಯಲ್ಲಿ, ತುಪ್ಪ ತೆಗೆಯುವ ಮುನ್ನವೇ, ಎರಿಗಳನ್ನು ಒಂದೆರಡು ದಿನ ಇಡುವುದು ಮೇಲು. ಕುಟುಕದ ಪುಟ್ಟ ಮಿಸರಿ ಜೇನಿನ ಮಾತು ಬೇರೆ. ಅದರ ತುಪ್ಪ ಹುಟ್ಟಿನಿಂದಲೇ ನೀರು, ತುಸು ಹುಳಿ. ಶೇ 20ರ ಗೆರೆಗೆ ಅದನ್ನು ನಿಲ್ಲಿಸಬಾರದು.

ಮೇ ಕೊನೆಯಲ್ಲಿ ಮೋಡ ಕಟ್ಟುವಾಗ ಸಿಕ್ಕಿದ್ದೆಲ್ಲ ತೆಗೆದುಬಿಡುವ ಆತುರ ಸಹಜ. ಅನುಭವಿಗಳು ಮುಚ್ಚಿದ ಎರಿಗಳನ್ನಷ್ಟೇ ತುಪ್ಪ ತೆಗೆಯುವ ಯಂತ್ರಕ್ಕೆ ಹಾಕಿ, ಉಳಿದವನ್ನು ಪೆಟ್ಟಿಗೆಯಲ್ಲೇ ಬಿಡುತ್ತಾರೆ. ಜೂನ್–ಜುಲೈನಲ್ಲಿ ಹೊರಗೆ ಕಾಲಿಡಲಾಗದ ನೊಣಗಳಿಗೆ ಅದೇ ಊಟ.